ಗೇರ್ ಬಾರದಿದ್ದರೆ ಹಿಂದಿನ ದೀಪ ನೋಡಿ



ಕಳೆದ ಮಳೆಗಾಲದ ಒಂದು ದಿನ ಬೆಳಗ್ಗೆ ಏಳು ಗಂಟೆಗೆ ತಂಗಿಯ ಫೋನ್ ಬಂತು. ಸಲಾಮ್ ಹೇಳಿದ ಧ್ವನಿಯಲ್ಲೇ ಗಾಬರಿ ಇತ್ತು. "ಅಕ್ಕಾ, ಕಾರು ಸ್ಟಾರ್ಟ್ ಆಗ್ತದೆ. ಆದರೆ ಗೇರ್ ಪಿಯಿಂದ ಹೊರಗೆ ಬರುವುದೇ ಇಲ್ಲ. ಎಂಟು ಗಂಟೆಗೆ ಅತ್ತೆಯನ್ನು ಡಯಾಲಿಸಿಸ್‌ಗೆ ಮುಟ್ಟಿಸಬೇಕು. ಎಂತ ಮಾಡುವುದು?"

ನನಗೂ ಏನೂ ತೋಚಲಿಲ್ಲ. ರಿಕ್ಷಾ ಕರೆಸಲು ಹೇಳಿದೆ. ರಿಕ್ಷಾ ಬರುವವರೆಗೆ ಸುಮ್ಮನಿರಲಾಗದೆ ಪಕ್ಕದ ಮನೆಯ ಹುಡುಗರು ಬಂದು ಆ ಗೇರ್ ಲಿವರನ್ನು ಎರಡೂ ಕೈಯಲ್ಲಿ ಹಿಡಿದು ಎಳೆದರು. ಒಳಗೆ 'ಕಟಕ್' ಎಂದು ಏನೋ ಮುರಿಯಿತೇ ಹೊರತು ಗೇರ್ ಬರಲಿಲ್ಲ. ಅತ್ತೆಯವರು ಅಲ್ಲಾಹನ ಕೃಪೆಯಿಂದ ರಿಕ್ಷಾದಲ್ಲಿ ಸಮಯಕ್ಕೆ ಆಸ್ಪತ್ರೆ ತಲುಪಿದರು.

ಮಧ್ಯಾಹ್ನ ಮೆಕ್ಯಾನಿಕ್ ಬಂದಾಗ ನಾನೂ ಅಲ್ಲಿದ್ದೆ. ಅವರು ಗೇರನ್ನು ಮುಟ್ಟಲೇ ಇಲ್ಲ. ತಂಗಿಯನ್ನು ಸೀಟಿನಲ್ಲಿ ಕೂರಿಸಿ ಬ್ರೇಕ್ ಒತ್ತಲು ಹೇಳಿ, ತಾವು ಕಾರಿನ ಹಿಂಬದಿಗೆ ಹೋಗಿ ನಿಂತರು. "ಒತ್ತಿದ್ದೀರಾ?" ಎಂದು ಕೇಳಿದರು. "ಹೌದು, ಒತ್ತಿದ್ದೇನೆ" ಎಂದಳು. ಆಗ ನನ್ನ ಕಡೆ ತಿರುಗಿ ಹೇಳಿದರು: "ನೋಡಿ ಟೀಚರ್, ಹಿಂದಿನ ಲೈಟ್ ಒಂದೂ ಬರುವುದಿಲ್ಲ. ಗೇರಿಗೆ ಎಂತದೂ ಆಗಿರಲಿಲ್ಲ. ಬ್ರೇಕಿನ ಸ್ವಿಚ್ ಹೋಗಿದೆ."

ಆಮೇಲೆ ಅವರು ಕೇಳಿದ ಪ್ರಶ್ನೆಯೇ ಈ ತಿಂಗಳ ಬರಹಕ್ಕೆ ಕಾರಣ. "ಇದಕ್ಕಿಂತ ಮೊದಲು ಯಾವಾಗಲಾದರೂ ಹೀಗೆ ಹಿಡಿದುಕೊಂಡದ್ದುಂಟಾ?" ತಂಗಿ ಸ್ವಲ್ಪ ಯೋಚಿಸಿ, "ಮೂರು ನಾಲ್ಕು ದಿನದಿಂದ ಒಮ್ಮೊಮ್ಮೆ ಬರುತ್ತಿರಲಿಲ್ಲ. ಬ್ರೇಕನ್ನು ಬಿಟ್ಟು ಇನ್ನೊಮ್ಮೆ ಒತ್ತಿದರೆ ಬರುತ್ತಿತ್ತು" ಎಂದಳು. ಹಾಗಾದರೆ ಆ ಮೂರು ನಾಲ್ಕು ದಿನವೂ ಅವಳು ಬ್ರೇಕ್ ಹಾಕಿದಾಗ ಹಿಂದಿನ ಕೆಂಪು ದೀಪ ಒಮ್ಮೆ ಉರಿಯುತ್ತಿತ್ತು, ಒಮ್ಮೆ ಉರಿಯುತ್ತಿರಲಿಲ್ಲ. ಜಡಿಮಳೆಯಲ್ಲಿ, ಹೆದ್ದಾರಿಯಲ್ಲಿ, ಹಿಂದಿನ ಸೀಟಿನಲ್ಲಿ ಮಕ್ಕಳನ್ನು ಕೂರಿಸಿಕೊಂಡು ಅವಳು ಓಡಾಡಿದ್ದಳು. ಹಿಂದೆ ಬರುವ ಬಸ್ಸಿನವನಿಗೆ ಇವಳು ನಿಲ್ಲುತ್ತಿದ್ದಾಳೆ ಎಂದು ತಿಳಿಯುವ ದಾರಿಯೇ ಇರಲಿಲ್ಲ. ಆ ಮಾತು ಕೇಳಿ ನಮ್ಮಿಬ್ಬರಿಗೂ ಮೈ ತಣ್ಣಗಾಯಿತು.

ಗೇರ್ ಅವಳಿಗೆ ತೊಂದರೆ ಕೊಟ್ಟಿರಲಿಲ್ಲ, ಎಚ್ಚರಿಕೆ ಕೊಟ್ಟಿತ್ತು. ಆ ಎಚ್ಚರಿಕೆಯ ಭಾಷೆ ನಮಗೆ ಗೊತ್ತಿರಲಿಲ್ಲ, ಅಷ್ಟೇ.

ಇಂದು ನಮ್ಮ ಎಷ್ಟೋ ಮನೆಗಳಲ್ಲಿ ಕಾರು ಓಡಿಸುವವರು ಹೆಂಗಸರೇ. ಗಂಡ ಗಲ್ಫ್‌ನಲ್ಲಿ, ಮಕ್ಕಳ ಶಾಲೆ, ಹಿರಿಯರ ಆಸ್ಪತ್ರೆ, ಮನೆಯ ಸಾಮಾನು ಎಲ್ಲವೂ ಇವರ ಮೇಲೆ. ಓಡಿಸಲು ಸುಲಭವೆಂದು ಆಟೋಮ್ಯಾಟಿಕ್ ಕಾರು ಕೊಳ್ಳುವವರು ಹೆಚ್ಚುತ್ತಿದ್ದಾರೆ. ಓಡಿಸಲು ಕಲಿತವರು ಅದು ನಿಂತಾಗ ಏಕೆ ನಿಂತಿತು ಎಂಬುದನ್ನೂ ಸ್ವಲ್ಪ ತಿಳಿದಿರಬೇಡವೇ?

ಎರಡು ಕಾವಲು

ಆಟೋಮ್ಯಾಟಿಕ್ ಕಾರಿನ ಗೇರಿನಲ್ಲಿ ಸಾಮಾನ್ಯವಾಗಿ ಪಿ, ಆರ್, ಎನ್, ಡಿ ಎಂಬ ನಾಲ್ಕು ಸ್ಥಾನಗಳಿರುತ್ತವೆ. ಪಿ ಎಂದರೆ ಪಾರ್ಕ್, ಆರ್ ಎಂದರೆ ಹಿಂದಕ್ಕೆ, ಎನ್ ಎಂದರೆ ನ್ಯೂಟ್ರಲ್, ಡಿ ಎಂದರೆ ಮುಂದಕ್ಕೆ. ಪಿಯಲ್ಲಿಟ್ಟಾಗ ಕಾರಿಗೆ ಎರಡು ಕಾವಲು ಬೀಳುತ್ತದೆ.

ಮೊದಲನೆಯದು ಗೇರ್ ಬಾಕ್ಸಿನ ಒಳಗೆ. ಅಲ್ಲಿ ಹಲ್ಲುಗಳಿರುವ ಒಂದು ಚಕ್ರವಿದೆ. ಪಿಗೆ ಹಾಕಿದೊಡನೆ ಉಕ್ಕಿನ ಒಂದು ತುಂಡು ಬಂದು ಆ ಹಲ್ಲುಗಳ ನಡುವೆ ಕೂತು, ಚಕ್ರ ತಿರುಗದಂತೆ ಹಿಡಿದುಕೊಳ್ಳುತ್ತದೆ. ಇದನ್ನು ಬಾಗಿಲಿನ ಚಿಲಕ ಎಂದು ಭಾವಿಸಿ.

ಎರಡನೆಯದು ನೀವು ಕೈಯಲ್ಲಿ ಹಿಡಿಯುವ ಲಿವರಿನ ಬುಡದಲ್ಲಿದೆ. ಇದು ಕರೆಂಟಿನಿಂದ ತೆರೆಯುವ ಸಣ್ಣ ಬೀಗ. ಹೆಸರು ಸೊಲೆನಾಯ್ಡ್. ಮನೆಯ 'ಟಿಂಗ್ ಟಾಂಗ್' ಕರೆಗಂಟೆಯ ಒಳಗೆ ಬಟನ್ ಒತ್ತಿದಾಗ ಒಂದು ಕಂಬಿ ಎಳೆದುಕೊಂಡು ಹೋಗಿ ಬಡಿಯುತ್ತದಲ್ಲ, ಅದೇ ಬಗೆಯದು. ಕೀ 'ಆನ್' ಆಗಿರಬೇಕು, ಬ್ರೇಕಿನ ಮೇಲೆ ಕಾಲಿರಬೇಕು. ಆಗ ಮಾತ್ರ ಕರೆಂಟ್ ಹರಿದು, 'ಟಿಕ್' ಎಂದು ಸಣ್ಣ ಸದ್ದಾಗಿ ಬೀಗ ತೆರೆದುಕೊಳ್ಳುತ್ತದೆ.

ಬ್ರೇಕಿನ ಮೇಲೆ ಕಾಲಿದೆ ಎಂದು ಕಾರಿಗೆ ತಿಳಿಯುವುದು ಹೇಗೆ? ಪೆಡಲಿನ ಮೇಲ್ತುದಿಯಲ್ಲಿ ಒಂದು ಸ್ವಿಚ್ ಇದೆ. ಪೆಡಲ್ ಕೆಳಗಿಳಿದೊಡನೆ ಅದು ಹಿಂದಿನ ಕೆಂಪು ದೀಪ ಉರಿಸುತ್ತದೆ. ಗೇರಿನ ಬೀಗಕ್ಕೂ ಅದೇ ಸ್ವಿಚ್ ಸುದ್ದಿ ಮುಟ್ಟಿಸುತ್ತದೆ. ಗೇರ್ ಹಿಡಿದುಕೊಂಡಾಗ ಮೆಕ್ಯಾನಿಕ್ ಕಾರಿನ ಹಿಂದೆ ಹೋಗಿ ನಿಂತದ್ದು ಇದಕ್ಕೇ.

ಈ ಬೀಗ ಏಕೆ ಬಂತು?

ಇದು ಬಂದದ್ದರ ಹಿಂದೆ ಒಂದು ಕಥೆಯಿದೆ. 1980ರ ದಶಕದಲ್ಲಿ ಅಮೆರಿಕದಲ್ಲಿ ಆಟೋಮ್ಯಾಟಿಕ್ ಕಾರುಗಳು ಪಿಯಿಂದ ಹೊರಗೆ ಬಂದೊಡನೆ ತಾವಾಗಿಯೇ ನುಗ್ಗುತ್ತವೆ ಎಂಬ ದೂರುಗಳು ಹೆಚ್ಚಾದವು. ಆಡಿ 5000 ಎಂಬ ಕಾರಿನ ಮೇಲೆ ಬಂದ ದೂರು 1986ರಲ್ಲಿ ಟಿವಿಯಲ್ಲೂ ದೊಡ್ಡ ಸುದ್ದಿಯಾಯಿತು. 1987ರಲ್ಲಿ ಆ ಕಂಪೆನಿ ಕಾರುಗಳನ್ನು ಹಿಂದಕ್ಕೆ ಕರೆಸಿ, ಬ್ರೇಕ್ ಒತ್ತದೆ ಗೇರ್ ಬಾರದಂತೆ ಬೀಗ ಅಳವಡಿಸಿಕೊಡಲು ತೊಡಗಿತು. 1989ರಲ್ಲಿ ಅಮೆರಿಕದ ರಸ್ತೆ ಸುರಕ್ಷತಾ ಇಲಾಖೆ ಇಂಥ ದೂರುಗಳ ಬಗ್ಗೆ ವರದಿ ಕೊಟ್ಟಿತು. ಹೆಚ್ಚಿನ ಪ್ರಕರಣಗಳಲ್ಲಿ ಚಾಲಕರು ಬ್ರೇಕ್ ಎಂದುಕೊಂಡು ಆಕ್ಸಿಲರೇಟರ್ ಒತ್ತಿದ್ದರು ಎಂಬುದು ಅದರ ತೀರ್ಮಾನವಾಗಿತ್ತು.

ಇನ್ನೊಂದು ಅಪಾಯ ಮಕ್ಕಳದ್ದು. ದೊಡ್ಡವರು ಕೀ ಬಿಟ್ಟು ಇಳಿದ ಕಾರಿನಲ್ಲಿ ಮಗು ಆಟವಾಡುತ್ತಾ ಗೇರ್ ಎಳೆದರೆ ಕಾರು ಇಳಿಜಾರಿನಲ್ಲಿ ಜಾರುತ್ತದೆ. ಇದನ್ನು ತಡೆಯಲೆಂದು 2008ರಲ್ಲಿ ಅಲ್ಲಿ ಮಕ್ಕಳ ಸುರಕ್ಷತೆಯ ಒಂದು ಕಾನೂನೇ ಬಂತು. 2010ರ ಸೆಪ್ಟೆಂಬರ್ 1ರ ನಂತರ ತಯಾರಾಗುವ, ಪಿ ಇರುವ ಪ್ರತಿಯೊಂದು ಆಟೋಮ್ಯಾಟಿಕ್ ಕಾರಿನಲ್ಲೂ ಬ್ರೇಕ್ ಒತ್ತದೆ ಗೇರ್ ಪಿಯಿಂದ ಹೊರಗೆ ಬರಬಾರದು ಎಂದು ಅದು ಹೇಳಿತು. ಹೀಗೆ ಈ ಬೀಗ ಜೀವ ಉಳಿಸಲು ಬಂದದ್ದು. ಆದ್ದರಿಂದ ಅದು ತೆರೆಯದಿದ್ದರೆ ಏಕೆಂದು ಕೇಳಬೇಕು, ಒಡೆಯಲು ಹೋಗಬಾರದು.

ಒಂದೊಂದಾಗಿ ನೋಡಿ

ಗೇರ್ ಬಾರದಿದ್ದಾಗ ಗಾಬರಿಯಾಗದೆ ಕ್ರಮವಾಗಿ ನೋಡುತ್ತಾ ಹೋಗಿ. ಮೊದಲು ಹ್ಯಾಂಡ್ ಬ್ರೇಕ್ ಗಟ್ಟಿಯಾಗಿ ಹಾಕಿ. ಕಾರಿನ ಮುಂದೆ ಹಿಂದೆ ಮಕ್ಕಳಿಲ್ಲವೆಂದು ಖಾತ್ರಿ ಮಾಡಿಕೊಳ್ಳಿ.

ಒಂದು, ಕೀ ಪೂರ್ತಿ 'ಆನ್' ಆಗಿದೆಯೇ? ರೇಡಿಯೋ ಹಾಡುತ್ತಿದೆ ಎಂದ ಮಾತ್ರಕ್ಕೆ ಆನ್ ಆಯಿತೆಂದಲ್ಲ. ಅರ್ಧ ತಿರುಗಿಸಿದರೂ ರೇಡಿಯೋ ಬರುತ್ತದೆ, ಬೀಗ ಮಾತ್ರ ತೆರೆಯುವುದಿಲ್ಲ. ಬಟನ್ ಒತ್ತಿ ಸ್ಟಾರ್ಟ್ ಮಾಡುವ ಕಾರಿನಲ್ಲಿ ಬ್ರೇಕ್ ಒತ್ತದೆ ಬಟನ್ ಒತ್ತಿದರೂ ಹೀಗೆಯೇ ಆಗುತ್ತದೆ. ಇನ್ನು ಕೀಯೇ ತಿರುಗದಿದ್ದರೆ ಅದು ಸ್ಟಿಯರಿಂಗಿನ ಲಾಕ್ ಇರಬಹುದು. ಸ್ಟಿಯರಿಂಗನ್ನು ಮೆಲ್ಲಗೆ ಎಡಬಲ ಅಲುಗಿಸುತ್ತಾ ಕೀ ತಿರುಗಿಸಿ.

ಎರಡು, ಬ್ರೇಕ್ ಸಾಕಷ್ಟು ಕೆಳಗಿಳಿದಿದೆಯೇ? ಎಂಜಿನ್ ಬಂದ್ ಇರುವಾಗ ಪೆಡಲನ್ನು ನಾಲ್ಕೈದು ಸಲ ಒತ್ತಿ ಬಿಟ್ಟರೆ ಅದು ಕಲ್ಲಿನಂತೆ ಗಟ್ಟಿಯಾಗುತ್ತದೆ. ಇದು ಕೆಟ್ಟದ್ದಲ್ಲ, ಬ್ರೇಕಿಗೆ ನೆರವಾಗುವ ಗಾಳಿಯ ಎಳೆತ ಮುಗಿದಿದೆ ಅಷ್ಟೆ. ಆಗ ಮೆತ್ತಗೆ ಒತ್ತಿದರೆ ಸ್ವಿಚ್ಚಿಗೆ ತಿಳಿಯುವುದಿಲ್ಲ. ಸೀಟಿಗೆ ಬೆನ್ನು ಕೊಟ್ಟು ಬಲವಾಗಿ ಒತ್ತಿ ಸ್ಟಾರ್ಟ್ ಮಾಡಿ. ಪೆಡಲಿನ ಅಡಿಗೆ ನೀರಿನ ಬಾಟಲಿಯೋ ಮಡಚಿದ ಮ್ಯಾಟೋ ಸಿಕ್ಕಿಕೊಂಡಿದೆಯೇ ಎಂದೂ ನೋಡಿ.

ಮೂರು, ಬ್ಯಾಟರಿ ಇದೆಯೇ? ಹಾರ್ನ್ ಒತ್ತಿ. ಅದು ಸಣ್ಣಗೆ ನರಳಿದರೆ, ಮುಂದಿನ ದೀಪ ಮಂಕಾಗಿದ್ದರೆ, ಬೀಗ ತೆರೆಯುವ ಶಕ್ತಿ ಬ್ಯಾಟರಿಗೆ ಇಲ್ಲ. ಬೇರೆ ಕಾರಿನ ಬ್ಯಾಟರಿಯಿಂದ ವಯರ್ ಕೊಟ್ಟು ಸ್ಟಾರ್ಟ್ ಮಾಡಿದರೆ ಗೇರ್ ತಾನಾಗಿ ಬರುತ್ತದೆ. ವಯರ್ ಜೋಡಿಸುವುದನ್ನು ತಿಳಿದವರಿಂದಲೇ ಮಾಡಿಸಿ.

ನಾಲ್ಕು, ಹಿಂದಿನ ದೀಪ. ಒಬ್ಬರನ್ನು ಕಾರಿನ ಹಿಂದೆ, ನೇರವಾಗಿ ಅಲ್ಲ, ಪಕ್ಕಕ್ಕೆ ನಿಲ್ಲಿಸಿ ಬ್ರೇಕ್ ಒತ್ತಿ ನೋಡಿ. ಯಾರೂ ಇಲ್ಲದಿದ್ದರೆ, ಹಿಂದೆ ಗೋಡೆಯಿದ್ದಾಗ ಮುಸ್ಸಂಜೆಯ ಹೊತ್ತಿಗೆ ಅದರ ಮೇಲೆ ಕೆಂಪು ಬೆಳಕು ಬೀಳುವುದು ಕನ್ನಡಿಯಲ್ಲಿ ಕಾಣುತ್ತದೆ. ಒಂದು ಬಲ್ಬು ಹೋಗಿದ್ದರೆ ಒಂದು ಬದಿ ಮಾತ್ರ ಉರಿಯುವುದಿಲ್ಲ. ಎಡ, ಬಲ, ಮೇಲಿನದು ಎಲ್ಲವೂ ಒಟ್ಟಿಗೆ ಉರಿಯದಿದ್ದರೆ ದೋಷ ಫ್ಯೂಸಿನಲ್ಲಿದೆ ಅಥವಾ ಸ್ವಿಚ್ಚಿನಲ್ಲಿದೆ ಎಂದು ಹೆಚ್ಚು ಕಡಿಮೆ ತೀರ್ಮಾನಿಸಬಹುದು.

ಐದು, ಟಿಕ್ ಸದ್ದು. ಎಂಜಿನ್ ಬಂದ್ ಮಾಡಿ, ಕೀ ಮಾತ್ರ ಆನ್ ಇಟ್ಟು, ಫ್ಯಾನ್ ಮತ್ತು ರೇಡಿಯೋ ನಿಲ್ಲಿಸಿ, ಗೇರಿನ ಹತ್ತಿರ ಕಿವಿಯಿಟ್ಟು ಬ್ರೇಕ್ ಒತ್ತಿ. ದೀಪವೂ ಇಲ್ಲ, ಟಿಕ್ ಸದ್ದೂ ಇಲ್ಲ ಎಂದಾದರೆ ಫ್ಯೂಸ್ ಅಥವಾ ಸ್ವಿಚ್. ದೀಪ ಇದೆ, ಟಿಕ್ ಸದ್ದಿಲ್ಲ ಎಂದಾದರೆ ಬೀಗವೇ ಕೆಟ್ಟಿರಬಹುದು, ಅದಕ್ಕೆ ಹೋಗುವ ವಯರ್ ಬಿಟ್ಟಿರಬಹುದು. ಕೆಲವು ಕಾರುಗಳಲ್ಲಿ ಒಂದೇ ಸ್ವಿಚ್ಚಿನ ಒಳಗೆ ದೀಪಕ್ಕೊಂದು, ಬೀಗಕ್ಕೊಂದು ಎಂದು ಎರಡು ಜೋಡಣೆಗಳಿರುತ್ತವೆ. ಎರಡನೆಯದು ಮಾತ್ರ ಕೆಟ್ಟಿರುವುದೂ ಉಂಟು. ದೀಪವೂ ಇದೆ, ಟಿಕ್ ಸದ್ದೂ ಇದೆ, ಆದರೂ ಗೇರ್ ಬಾರದು ಎಂದಾದರೆ ತೊಂದರೆ ಕರೆಂಟಿನದ್ದಲ್ಲ. ಒಳಗಿನ ಚಿಲಕ ಬಿಗಿದಿದೆ, ಇಲ್ಲವೇ ಲಿವರಿನ ಸಂದಿಯಲ್ಲಿ ಏನೋ ಸಿಕ್ಕಿದೆ.

ಆ ಸಂದಿಯ ಬಗ್ಗೆಯೂ ಒಂದು ಮಾತು. ನಾವು ಕಾರಿನಲ್ಲಿ ಮಕ್ಕಳಿಗೆ ತಿನ್ನಲು ಕೊಡುತ್ತೇವೆ. ಚಿಲ್ಲರೆ ನಾಣ್ಯ, ಸ್ಕಾರ್ಫಿನ ಪಿನ್ನು, ಖರ್ಜೂರದ ಬೀಜ ಎಲ್ಲವೂ ಆ ಸಂದಿಗೆ ಬೀಳುತ್ತವೆ. ಜ್ಯೂಸ್ ಚೆಲ್ಲಿದರೆ ಸಕ್ಕರೆ ಒಣಗಿ ಅಂಟಿನಂತಾಗಿ ಬೀಗದ ಕಂಬಿಯನ್ನೇ ಹಿಡಿದುಬಿಡುತ್ತದೆ. ಚೆಲ್ಲಿದ ಕೂಡಲೇ ಬಟ್ಟೆಯಿಂದ ಒರೆಸಿ. ಅಲ್ಲಿಗೆ ನೀರು ಹೊಯ್ಯಬೇಡಿ.

ಫ್ಯೂಸ್ ಮತ್ತು ಸ್ವಿಚ್

ಫ್ಯೂಸ್ ಬದಲಾಯಿಸುವುದು ಮನೆಯ ಬಲ್ಬು ಬದಲಾಯಿಸಿದಷ್ಟೇ ಸುಲಭ. ಅನೇಕ ಕಾರುಗಳಲ್ಲಿ ಸ್ಟಿಯರಿಂಗಿನ ಕೆಳಗೆ, ಮೊಣಕಾಲಿನ ಹತ್ತಿರ ಫ್ಯೂಸಿನ ಪೆಟ್ಟಿಗೆ ಇರುತ್ತದೆ. ಎಂಜಿನ್ ಬಳಿ ಇನ್ನೊಂದಿರುತ್ತದೆ. ಯಾವುದು ಯಾವುದಕ್ಕೆ ಎಂಬ ನಕ್ಷೆ ಮುಚ್ಚಳದ ಒಳಬದಿಯಲ್ಲಿ ಅಥವಾ ಕಾರಿನ ಪುಸ್ತಕದಲ್ಲಿ ಇದೆ. ಅದರಲ್ಲಿ 'ಸ್ಟಾಪ್' ಎಂದು ಬರೆದದ್ದೇ ಬ್ರೇಕ್ ದೀಪದ ಫ್ಯೂಸ್. ಕೀ ಬಂದ್ ಮಾಡಿ ಅದನ್ನು ಎಳೆದು ಬೆಳಕಿಗೆ ಹಿಡಿಯಿರಿ. ಒಳಗಿನ ಸಣ್ಣ ತಂತಿ ತುಂಡಾಗಿದ್ದರೆ ಹೊಸದು ಹಾಕಬೇಕು.

ಫ್ಯೂಸಿನ ಬಣ್ಣ ಅದರ ಶಕ್ತಿಯನ್ನು ಹೇಳುತ್ತದೆ. ಕೆಂಪು 10 ಆಂಪ್, ನೀಲಿ 15, ಹಳದಿ 20. ಇದ್ದದ್ದು 10 ಆದರೆ 10ನ್ನೇ ಹಾಕಿ. 'ದೊಡ್ಡದು ಹಾಕಿದರೆ ಬೇಗ ಹೋಗುವುದಿಲ್ಲ' ಎಂದು ಯಾರಾದರೂ ಹೇಳಿದರೆ ಕೇಳಬೇಡಿ. ಆಗ ಫ್ಯೂಸ್ ಉಳಿದು ವಯರ್ ಸುಡುತ್ತದೆ, ಕಾರಿಗೇ ಬೆಂಕಿ ಹಿಡಿಯಬಹುದು. ಹೊಸ ಫ್ಯೂಸೂ ಕೂಡಲೇ ಹೋದರೆ ಎಲ್ಲೋ ಶಾರ್ಟ್ ಇದೆ ಎಂದರ್ಥ. ಮತ್ತೆ ಮತ್ತೆ ಹಾಕುತ್ತಾ ಕೂರದೆ ಎಲೆಕ್ಟ್ರಿಷಿಯನ್ ಬಳಿ ತೋರಿಸಿ.

ಪೆಡಲಿನ ಸ್ವಿಚ್ಚನ್ನು ನಾವೇ ಬಿಚ್ಚುವುದು ಬೇಡ. ಅದರ ಅಳತೆ ಸ್ವಲ್ಪ ತಪ್ಪಿದರೂ ದೀಪ ಸದಾ ಉರಿಯುತ್ತದೆ, ಇಲ್ಲವೇ ಉರಿಯುವುದೇ ಇಲ್ಲ. ಆದರೆ ಒಂದನ್ನು ಗಮನಿಸಬಹುದು. ಸ್ವಿಚ್ಚಿನ ಎದುರು ಪೆಡಲಿನ ಕೈಯಲ್ಲಿ ಪ್ಲಾಸ್ಟಿಕ್ಕಿನದೋ ರಬ್ಬರಿನದೋ ಒಂದು ಸಣ್ಣ ಬಿರಡೆ ಇರುತ್ತದೆ. ಕಾರು ಹಳತಾದಂತೆ ಅದು ಪುಡಿಯಾಗಿ ಮ್ಯಾಟಿನ ಮೇಲೆ ಬೀಳುತ್ತದೆ. ಆಗ ನೀವು ಕಾಲು ತೆಗೆದರೂ ಬ್ರೇಕ್ ಒತ್ತಿಯೇ ಇದೆ ಎಂದು ಕಾರು ತಿಳಿಯುತ್ತದೆ. ಕೆಂಪು ದೀಪ ರಾತ್ರಿಯಿಡೀ ಉರಿದು ಬೆಳಗಾಗುವಾಗ ಬ್ಯಾಟರಿ ಖಾಲಿ. ಬ್ಯಾಟರಿ ಇಲ್ಲದ ಮೇಲೆ ಗೇರೂ ಬಂದ್. ಗುಡಿಸುವಾಗ ಪೆಡಲಿನ ಅಡಿಯಲ್ಲಿ ಪ್ಲಾಸ್ಟಿಕ್ ಚೂರು ಕಂಡರೆ ಎಸೆಯುವ ಮೊದಲು ಕಾರಿನ ಹಿಂದೆ ಹೋಗಿ ದೀಪ ನೋಡಿ.

ನಮ್ಮ ಇಳಿಜಾರಿನ ಅಂಗಳಗಳು

ಈಗ ಒಳಗಿನ ಚಿಲಕದ ವಿಷಯಕ್ಕೆ ಬರೋಣ. ನಮ್ಮ ಕೆಲವು ಸಹೋದರಿಯರು ಗಲ್ಫ್‌ನಲ್ಲಿ ಕಾರು ಕಲಿತವರು. ಸೌದಿಯಲ್ಲೂ 2018ರ ಜೂನ್ 24ರಿಂದ ಹೆಂಗಸರು ಕಾರು ಓಡಿಸಬಹುದೆಂದಾಯಿತು. ಅಲ್ಲಿಯ ನಗರಗಳಲ್ಲಿ ಪಾರ್ಕಿಂಗ್ ಜಾಗ ಬಹುತೇಕ ಸಮತಟ್ಟು. ಬ್ರೇಕ್ ಹಾಕಿ, ಪಿಗೆ ತಳ್ಳಿ, ಇಳಿದು ಹೋದರೆ ಆಯಿತು. ಹ್ಯಾಂಡ್ ಬ್ರೇಕ್ ಮುಟ್ಟದೆ ವರ್ಷಗಟ್ಟಲೆ ಓಡಿಸಿದವರಿದ್ದಾರೆ. ನನ್ನ ತಂಗಿಯೂ ಅವರಲ್ಲೊಬ್ಬಳು.

ಅದೇ ಅಭ್ಯಾಸವನ್ನು ಊರಿಗೆ ತಂದರೆ? ಕರಾವಳಿಯ ಮನೆಗಳು ಗುಡ್ಡದ ಬದಿಯಲ್ಲಿ, ಅಂಗಳ ಇಳಿಜಾರು, ಗೇಟಿನ ದಾರಿ ಇನ್ನಷ್ಟು ಇಳಿಜಾರು. ಮಂಗಳೂರಿನ ಎಷ್ಟೋ ರಸ್ತೆಗಳೂ ಹಾಗೆಯೇ. ಹ್ಯಾಂಡ್ ಬ್ರೇಕ್ ಇಲ್ಲದೆ ಪಿಗೆ ಹಾಕಿ ಕಾಲು ತೆಗೆದಾಗ ಕಾರು ಒಂದಿಷ್ಟು ಜಾರಿ 'ಧಡ್' ಎಂದು ನಿಲ್ಲುತ್ತದೆ. ಇಡೀ ಕಾರಿನ ಭಾರ ಆ ಸಣ್ಣ ಉಕ್ಕಿನ ತುಂಡಿನ ಮೇಲೆ ಬಿತ್ತು. ಒಬ್ಬರು ಬಾಗಿಲನ್ನು ಹೊರಗಿನಿಂದ ಜೋರಾಗಿ ತಳ್ಳುತ್ತಿರುವಾಗ ಒಳಗಿನ ಚಿಲಕ ಸರಿಯುತ್ತದೆಯೇ? ಹಾಗೆಯೇ ಇದೂ ಬಿಗಿದುಕೊಳ್ಳುತ್ತದೆ.

ಇದನ್ನು ತಪ್ಪಿಸುವ ಕ್ರಮ ಹೀಗಿದೆ. ಕಾರು ನಿಲ್ಲಿಸಿ, ಬ್ರೇಕಿನ ಮೇಲೆ ಕಾಲಿರುವಂತೆಯೇ ಗೇರನ್ನು ಎನ್‌ಗೆ ತನ್ನಿ. ಹ್ಯಾಂಡ್ ಬ್ರೇಕ್ ಗಟ್ಟಿಯಾಗಿ ಹಾಕಿ. ಕಾಲನ್ನು ನಿಧಾನವಾಗಿ ಸಡಿಲಿಸಿ, ಭಾರವೆಲ್ಲ ಹ್ಯಾಂಡ್ ಬ್ರೇಕಿನ ಮೇಲೆ ಕೂರಲಿ. ಮತ್ತೆ ಬ್ರೇಕ್ ಒತ್ತಿ ಪಿಗೆ ಹಾಕಿ. ಹೊರಡುವಾಗ ಕ್ರಮ ತಿರುಗಿಸಿ. ಬ್ರೇಕ್ ಒತ್ತಿ ಸ್ಟಾರ್ಟ್ ಮಾಡಿ, ಮೊದಲು ಗೇರನ್ನು ಪಿಯಿಂದ ತೆಗೆಯಿರಿ, ಆಮೇಲೆ ಹ್ಯಾಂಡ್ ಬ್ರೇಕ್ ಬಿಡಿ. ತೀರಾ ಇಳಿಜಾರಾದರೆ ಚಕ್ರಕ್ಕೆ ಒಂದು ಕಲ್ಲಿನ ಆಸರೆಯೂ ಇರಲಿ. ಹೊರಡುವಾಗ ತೆಗೆಯಲು ಮರೆಯಬೇಡಿ.

ಈಗಾಗಲೇ ಬಿಗಿದಿದ್ದರೆ? ಎಂಜಿನ್ ಸ್ಟಾರ್ಟ್ ಮಾಡಿ, ಹ್ಯಾಂಡ್ ಬ್ರೇಕ್ ಹಾಕಿ, ಬ್ರೇಕನ್ನು ಬಲವಾಗಿ ಒತ್ತಿ ಹಿಡಿದು, ಲಿವರಿನ ಬಟನ್ ಪೂರ್ತಿ ಒತ್ತಿ ಒಂದೇ ಸಮನೆ ಎಳೆಯಿರಿ. ಜಗ್ಗಬೇಡಿ, ಕುಲುಕಬೇಡಿ. 'ಧಡ್' ಎಂದು ಬಿಡಿಸಿಕೊಂಡು ಬರಬಹುದು. ಬಾರದಿದ್ದರೆ ಮೆಕ್ಯಾನಿಕನ್ನು ಕರೆಸಿ. ಬೇರೆ ವಾಹನದಿಂದ ಕಾರನ್ನು ಒಂದಿಷ್ಟು ಏರಿನ ಕಡೆಗೆ ಎಳೆಸಿದರೆ ಚಿಲಕದ ಮೇಲಿನ ಭಾರ ಇಳಿಯುತ್ತದೆ. ಆದರೆ ಯಾರನ್ನೂ ಕಾರಿನ ಕೆಳಬದಿಯಲ್ಲಿ ನಿಲ್ಲಿಸಿ ತಳ್ಳಲು ಹೇಳಬೇಡಿ. ಚಿಲಕ ಬಿಟ್ಟ ಕ್ಷಣ ಕಾರು ಅವರ ಮೇಲೆಯೇ ಬರುತ್ತದೆ.

ತುರ್ತಿನ ದಾರಿ

ಬೀಗ ತೆರೆಯದಿದ್ದಾಗ ಬಳಸಲೆಂದು ತಯಾರಕರೇ ಒಂದು ಹಿಂಬಾಗಿಲು ಇಟ್ಟಿದ್ದಾರೆ. ಲಿವರ್ ಇರುವ ಅನೇಕ ಕಾರುಗಳಲ್ಲಿ ಅದರ ಪಕ್ಕ, ಉಗುರಿನಷ್ಟು ಸಣ್ಣ ಮುಚ್ಚಳವೊಂದಿದೆ. 'ಶಿಫ್ಟ್ ಲಾಕ್' ಎಂದು ಬರೆದಿರುವುದೂ ಉಂಟು. ಕೆಲವು ಕಾರುಗಳಲ್ಲಿ ಮುಚ್ಚಳವಿಲ್ಲದ ಬಟನ್, ಇನ್ನು ಕೆಲವದರಲ್ಲಿ ಲಿವರಿನ ಚರ್ಮದ ಹೊದಿಕೆಯ ಅಡಿಯಲ್ಲಿ. ನಿಮ್ಮ ಕಾರಿನಲ್ಲಿ ಎಲ್ಲಿದೆ ಎಂಬುದು ಕಾರಿನ ಪುಸ್ತಕದಲ್ಲಿದೆ. ಇಂದೇ ನೋಡಿಡಿ. ಮಳೆಯಲ್ಲಿ ರಸ್ತೆ ಬದಿ ಹುಡುಕುವ ಪಾಡು ಬೇಡ.

ಹ್ಯಾಂಡ್ ಬ್ರೇಕ್ ಹಾಕಿ, ಎಂಜಿನ್ ಬಂದ್ ಮಾಡಿ, ಕೀ ಯಾವ ಸ್ಥಾನದಲ್ಲಿರಬೇಕೆಂದು ಪುಸ್ತಕ ಹೇಳುತ್ತದೋ ಅಲ್ಲಿಡಿ. ಚಪ್ಪಟೆ ಸ್ಕ್ರೂ ಡ್ರೈವರಿನ ತುದಿಗೆ ಬಟ್ಟೆ ಸುತ್ತಿ ಮುಚ್ಚಳ ಎಬ್ಬಿಸಿ. ಬ್ರೇಕ್ ಒತ್ತಿ ಹಿಡಿದು, ಆ ತೂತಿನೊಳಗೆ ಕೀಯಿಂದಲೋ ಸ್ಕ್ರೂ ಡ್ರೈವರಿನಿಂದಲೋ ಒತ್ತುತ್ತಾ ಗೇರನ್ನು ಎನ್‌ಗೆ ತನ್ನಿ. ಆಟೋಮ್ಯಾಟಿಕ್ ಕಾರು ಎನ್‌ನಲ್ಲೂ ಸ್ಟಾರ್ಟ್ ಆಗುತ್ತದೆ. ಲಿವರ್ ಬದಲು ಬಟನ್ ಅಥವಾ ತಿರುಗುವ ಗುಂಡಿ ಇರುವ ಹೊಸ ಕಾರುಗಳಲ್ಲಿ ಈ ತೂತು ಸಾಮಾನ್ಯವಾಗಿ ಇರುವುದಿಲ್ಲ. ಅಲ್ಲಿ ಮೆಕ್ಯಾನಿಕನೇ ಗತಿ.

ಆದರೆ ಸಹೋದರಿಯರೇ, ಹಿಂಬಾಗಿಲಿನಿಂದ ಹೊರಬಂದೆವು ಎಂದು ರೋಗ ವಾಸಿಯಾಗಲಿಲ್ಲ. ಹಿಂದಿನ ದೀಪ ಉರಿಯದ ಕಾರು ಇನ್ನೂ ಉರಿಯದ ಕಾರೇ. ಅದನ್ನು ಹಗಲಿನಲ್ಲಿ, ಹತ್ತಿರದ ಗ್ಯಾರೇಜಿಗೆ, ನಿಧಾನವಾಗಿ, ಹಿಂದೆ ಮನೆಯವರ ಇನ್ನೊಂದು ವಾಹನವನ್ನು ಇಟ್ಟುಕೊಂಡು ಒಯ್ಯಬಹುದು. ಶಾಲೆಗೆ, ಪೇಟೆಗೆ, ಮದುವೆ ಮನೆಗೆ ಹೋಗುವುದು ಬೇಡ. 'ಹೇಗೂ ಒತ್ತಿದರೆ ಬರ್ತದಲ್ಲ' ಎಂದು ವಾರಗಟ್ಟಲೆ ಹಾಗೆಯೇ ಓಡಿಸುವವರಿದ್ದಾರೆ. ಹಿಂದಿನ ಲಾರಿಯವನಿಗೆ ಆ ತೂತು ಕಾಣುವುದಿಲ್ಲ.

ಕಾರನ್ನು ಎಳೆದುಕೊಂಡು ಹೋಗಬೇಕಾಗಿ ಬಂದರೂ ಎಚ್ಚರ. ಪಿಯಲ್ಲಿರುವ ಕಾರನ್ನು ಹಗ್ಗ ಕಟ್ಟಿ ಎಳೆದರೆ ಒಳಗಿನ ಚಿಲಕ ಮುರಿದು ಗೇರ್ ಬಾಕ್ಸೇ ಹಾಳಾಗಬಹುದು. ಕಾರನ್ನು ಪೂರ್ತಿ ಮೇಲೆತ್ತಿ ಒಯ್ಯುವ ವಾಹನವನ್ನೇ ಕೇಳಿ.

ಇನ್ನೊಂದು ಮಾತು. ಭಾರತದಲ್ಲಿ 2014ರಲ್ಲಿ ಮಾರುತಿ ಸೆಲೆರಿಯೋ ಬಂದ ನಂತರ ಎಎಂಟಿ ಎಂಬ ಅಗ್ಗದ ಆಟೋಮ್ಯಾಟಿಕ್ ಕಾರುಗಳು ಮನೆಮಾತಾದವು. ಇವುಗಳಲ್ಲಿ ಹೆಚ್ಚಿನವಕ್ಕೆ ಪಿ ಎಂಬ ಸ್ಥಾನವೇ ಇಲ್ಲ. ನಿಮ್ಮದು ಅಂಥದ್ದಾದರೆ ಪಿಯ ತೊಂದರೆ ನಿಮಗಿಲ್ಲ, ಆದರೆ ಹ್ಯಾಂಡ್ ಬ್ರೇಕಿನ ಅಗತ್ಯ ಇನ್ನೂ ಹೆಚ್ಚು.

ಮೆಕ್ಯಾನಿಕ್ ಬಳಿ ಏನು ಹೇಳುವಿರಿ?

ಗ್ಯಾರೇಜಿಗೆ ಫೋನ್ ಮಾಡಿ "ಗೇರ್ ಹಾಳಾಗಿದೆ" ಎಂದರೆ ಎದುರಿನವರ ತಲೆಯಲ್ಲಿ ಗೇರ್ ಬಾಕ್ಸ್ ಬಿಚ್ಚುವ ಚಿತ್ರ ಮೂಡುತ್ತದೆ. ಅದರ ಲೆಕ್ಕ ಸಾವಿರಗಳಲ್ಲಿ. ಅದರ ಬದಲು ಹೀಗೆ ಹೇಳಿ: "ಬ್ಯಾಟರಿ ಸರಿ ಇದೆ. ಬ್ರೇಕ್ ಒತ್ತಿದರೆ ಹಿಂದಿನ ಮೂರು ದೀಪವೂ ಬರುವುದಿಲ್ಲ. ಟಿಕ್ ಸದ್ದಿಲ್ಲ. ಶಿಫ್ಟ್ ಲಾಕ್ ಒತ್ತಿದರೆ ಎನ್‌ಗೆ ಬರುತ್ತದೆ." ಈ ನಾಲ್ಕು ವಾಕ್ಯ ಕೇಳಿದ ಮೆಕ್ಯಾನಿಕ್ ಬರುವಾಗಲೇ ಸ್ವಿಚ್ ಮತ್ತು ಫ್ಯೂಸ್ ಹಿಡಿದುಕೊಂಡು ಬರುತ್ತಾರೆ. ನಿಮ್ಮ ಹಣ ಉಳಿಯುತ್ತದೆ, ಅವರ ಸಮಯವೂ ಉಳಿಯುತ್ತದೆ. ಹೆಂಗಸರಿಗೆ ಇದೆಲ್ಲ ಗೊತ್ತಾಗುವುದಿಲ್ಲ ಎಂದುಕೊಂಡು ಏನೋ ಒಂದು ಲೆಕ್ಕ ಹೇಳುವವರ ಮುಂದೆಯೂ ಈ ನಾಲ್ಕು ವಾಕ್ಯ ಕೆಲಸ ಮಾಡುತ್ತದೆ.

ತಂಗಿಯ ಕಾರಿನ ಲೆಕ್ಕ ಹೇಳಿ ಮುಗಿಸುತ್ತೇನೆ. ಹೊಸ ಸ್ವಿಚ್ಚಿಗೆ ಆದದ್ದು ಕೆಲವು ನೂರು ರೂಪಾಯಿ, ಹಾಕಲು ಕಾಲು ಗಂಟೆ. ಹುಡುಗರು ಎಳೆದು ಮುರಿದ ಲಿವರಿನ ಬುಡಕ್ಕೆ ಆದದ್ದು ಅದರ ಎಷ್ಟೋ ಪಟ್ಟು, ಕಾರು ಆರು ದಿನ ಗ್ಯಾರೇಜಿನಲ್ಲಿ. ಪಾಪ, ಆ ಮಕ್ಕಳು ಒಳ್ಳೆಯ ಮನಸ್ಸಿನಿಂದಲೇ ಬಂದಿದ್ದರು. ಅವರಿಗೆ ಹೇಳಬೇಕಾದವರಿಗೇ ಗೊತ್ತಿರಲಿಲ್ಲವಲ್ಲ!

ಈಗ ತಂಗಿಯ ಮನೆಯಲ್ಲಿ ಒಂದು ಹೊಸ ಪದ್ಧತಿ ಬಂದಿದೆ. ಪ್ರತಿ ಶುಕ್ರವಾರ ಬೆಳಗ್ಗೆ ಅವಳು ಸೀಟಿನಲ್ಲಿ ಕೂತು ಬ್ರೇಕ್ ಒತ್ತುತ್ತಾಳೆ. ಅತ್ತೆಯವರು ಜಗಲಿಯ ಕುರ್ಚಿಯಲ್ಲಿ ಕೂತಲ್ಲಿಂದಲೇ ಹಿಂದಿನ ದೀಪ ನೋಡಿ, "ಮೂರೂ ಉಂಟು ಮಗಾ" ಎನ್ನುತ್ತಾರೆ. ಅರ್ಧ ನಿಮಿಷದ ಕೆಲಸ. ನಿಮ್ಮ ಮನೆಯಲ್ಲೂ ಕಾರಿದ್ದರೆ, ಈ ಪುಟ ಮಡಚಿಟ್ಟ ಕೂಡಲೇ ಒಬ್ಬರನ್ನು ಹೊರಗೆ ನಿಲ್ಲಿಸಿ ಬ್ರೇಕ್ ಒತ್ತಿ ನೋಡಿ.